ಶುಂಠಿ ಬಿಯರಿಗೆ ಸೋಡಾ ಹಾಕಿದ ಕಥೆ



ಬಿಸಿಲು ಏರಿದ ಹಾಗೆ ನಿಮ್ಮ ಕಾಗದಗಳಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳ ಜೊತೆಗೆ ತಂಪು ಪಾನೀಯಗಳ ವಿಚಾರವೂ ಶುರುವಾಗುತ್ತದೆ. ಈ ಸಲ ಒಬ್ಬ ಸೋದರಿ ಕೇಳಿದ್ದಾರೆ: "ಕಾಲೇಜಿಗೆ ಹೋಗುವ ಮಗ, ಮನೆಯಲ್ಲೇ ಶುಂಠಿ ಬಿಯರು ಮಾಡೋಣಮ್ಮಾ ಅಂತ ಹಟ ಹಿಡಿದಿದ್ದಾನೆ. ಅದಕ್ಕೆ ವಾರಗಟ್ಟಲೆ ಕಾಯಬೇಕಂತೆ. ಅಂಗಡಿಯ ಸೋಡಾ ಬೆರೆಸಿಬಿಟ್ಟರೆ ಗ್ಯಾಸು ಬೇಗ ಬರುವುದಿಲ್ಲವೇ? ಬಿಯರು ಅನ್ನುವ ಹೆಸರು ಕೇಳಿಯೇ ಅತ್ತೆ ಮುಖ ಗಂಟಿಕ್ಕಿಕೊಂಡಿದ್ದಾರೆ. ಏನು ಹೇಳಲಿ?"

ಓದಿ ನನಗೆ ನಗು ಬಂತು. ಆ ನಗು ಅರ್ಧಕ್ಕೇ ನಿಂತೂ ಹೋಯಿತು. ಯಾಕೆಂದರೆ ಹೋದ ಬೇಸಿಗೆಯಲ್ಲಿ ಇದೇ ಬಿಯರು, ಇದೇ ಸೋಡಾ ನನ್ನ ಅಡುಗೆಮನೆಯಲ್ಲಿ ಮಾಡಿದ ಅವಾಂತರ ಅಷ್ಟಿಷ್ಟಲ್ಲ. ಆ ಕಥೆಯನ್ನೇ ಹೇಳಿಬಿಡುತ್ತೇನೆ. ಸೋದರಿಯ ಪ್ರಶ್ನೆಗೂ, ಅವರ ಅತ್ತೆಯವರ ಗಂಟುಮುಖಕ್ಕೂ ಅದರಲ್ಲೇ ಉತ್ತರವಿದೆ.

ಮೊದಲು ಒಂದು ಸ್ವಾರಸ್ಯ ಕೇಳಿ. ಸೋಡಾ ನೀರು ಹುಟ್ಟಿದ್ದೇ ಬಿಯರಿನ ಮನೆಯಲ್ಲಿ! ಇಂಗ್ಲೆಂಡಿನ ಲೀಡ್ಸ್ ಎಂಬ ಊರಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಇದ್ದರು. ಅವರ ಮನೆಯ ಪಕ್ಕದಲ್ಲೇ ಒಂದು ಬಿಯರು ತಯಾರಿಸುವ ಸ್ಥಳ. ಹುದುಗುತ್ತಿದ್ದ ಬಿಯರಿನ ತೊಟ್ಟಿಗಳ ಮೇಲೆ ಒಂದು ಬಗೆಯ ಗಾಳಿ ನಿಂತಿರುವುದನ್ನೂ, ಅದರಲ್ಲಿ ಹಿಡಿದ ದೀಪ ಆರಿಹೋಗುವುದನ್ನೂ ಅವರು ಕಂಡರು. 1767ರ ಸುಮಾರಿಗೆ ಆ ಗಾಳಿಯ ಮಧ್ಯದಲ್ಲಿ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ನಾವು ಕಾಫಿ ಎತ್ತಿ ಹೊಯ್ಯುವ ಹಾಗೆ ಹೊಯ್ದು ನೋಡಿದರು. ನೀರಿಗೆ ಚುರುಚುರು ರುಚಿ ಬಂತು. 1772ರಲ್ಲಿ ಆ ವಿಧಾನವನ್ನು ಬರೆದು ಅಚ್ಚು ಹಾಕಿಸಿದರು. 1783ರಲ್ಲಿ ಜಿನೀವಾದಲ್ಲಿ ಶ್ವೆಪ್ ಎಂಬ ಗಡಿಯಾರದ ವ್ಯಾಪಾರಿ ಅದನ್ನೇ ಒಂದು ಉದ್ಯಮ ಮಾಡಿದರು. ಆ ಕಾಲದಲ್ಲಿ ನೀರಿಗೆ ಸೋಡಾ ಲವಣವನ್ನೂ ಬೆರೆಸುತ್ತಿದ್ದರಿಂದ ಸೋಡಾ ಎಂಬ ಹೆಸರು ಅಂಟಿಕೊಂಡಿತು. ಜಾತ್ರೆಯಲ್ಲಿ ನಾವು 'ಟಪ್' ಎಂದು ಗೋಲಿ ಒತ್ತಿಸಿಕೊಂಡು ಕುಡಿಯುತ್ತಿದ್ದ ಸೋಡಾದ ಮೂಲ ಅಷ್ಟು ದೂರದ್ದು.

ಇಲ್ಲೇ ಒಂದು ಮಾತು ಮನಸ್ಸಿನಲ್ಲಿಡಿ. ಬಿಯರಿನಲ್ಲಿ ಗುಳ್ಳೆ ತಾನಾಗಿಯೇ ಹುಟ್ಟುತ್ತದೆ. ಸೋಡಾದಲ್ಲಿ ಅದೇ ಗುಳ್ಳೆಯನ್ನು ಯಂತ್ರದಿಂದ ತುರುಕಿರುತ್ತಾರೆ. ನಾಲಿಗೆಗೆ ಎರಡೂ ಒಂದೇ. ಆದರೆ ತಾನಾಗಿ ಹುಟ್ಟುವ ಗುಳ್ಳೆ ಒಂಟಿಯಾಗಿ ಬರುವುದಿಲ್ಲ, ಜೊತೆಗೊಬ್ಬರನ್ನು ಕರೆದುಕೊಂಡು ಬರುತ್ತದೆ. ಅವರ ವಿಚಾರ ಮುಂದೆ ಹೇಳುತ್ತೇನೆ.

ಈಗ ನನ್ನ ಕಥೆಗೆ ಬರೋಣ. ಬೆಂಗಳೂರಿನಲ್ಲಿ ಓದುವ ನಮ್ಮಕ್ಕನ ಮಗಳು ರಜೆಗೆ ಬಂದವಳು ಈ ವಿದ್ಯೆ ಕಲಿಸಿದಳು. ಒಂದು ಗಾಜಿನ ಜಾಡಿಯಲ್ಲಿ ಕುದಿಸಿ ಆರಿಸಿದ ಎರಡು ಲೋಟ ನೀರು. ಅದಕ್ಕೆ ಸಿಪ್ಪೆ ಸಮೇತ ತುರಿದ ಹಸಿ ಶುಂಠಿ ಎರಡು ಚಮಚ, ಸಕ್ಕರೆ ಎರಡು ಚಮಚ. ಬಾಯಿಗೆ ತೆಳು ಬಟ್ಟೆ ಕಟ್ಟಿ ಇಡುವುದು. ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕಿ ಕದಡುವುದು. ಶುಂಠಿಯ ಸಿಪ್ಪೆಯಲ್ಲೇ ಇರುವ ಯೀಸ್ಟು ಎಂಬ ಸೂಕ್ಷ್ಮಜೀವಿ ಸಕ್ಕರೆ ತಿಂದು ಬೆಳೆಯುತ್ತದೆ. ನಾಲ್ಕನೆಯ ದಿನ ಜಾಡಿಗೆ ಕಿವಿ ಕೊಟ್ಟರೆ ಸಣ್ಣಗೆ 'ಚರ್' ಎನ್ನುತ್ತಿತ್ತು. ಬೇಸಿಗೆಯಲ್ಲಿ ಇಡ್ಲಿ ಹಿಟ್ಟು ರಾತ್ರೋರಾತ್ರಿ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯುವುದಿಲ್ಲವೇ, ಆ ಜಾತಿಯದೇ ಕೆಲಸ.

ಆಮೇಲೆ ಒಂದು ಲೀಟರು ನೀರಿಗೆ ಜಜ್ಜಿದ ಶುಂಠಿ ಹಾಕಿ ಕುದಿಸಿ, 100 ಗ್ರಾಂ ಸಕ್ಕರೆ ಕರಗಿಸಿ, ಪೂರ್ತಿ ಆರಿದ ಮೇಲೆ ಎರಡು ನಿಂಬೆಹಣ್ಣಿನ ರಸ, ಜಾಡಿಯ ತಿಳಿನೀರು ಅರ್ಧ ಲೋಟ ಸೇರಿಸಿ ಬಾಟಲಿಗೆ ತುಂಬುವುದು. ಎರಡು ದಿನದಲ್ಲಿ ಬಾಟಲಿ ಕಲ್ಲಿನ ಹಾಗೆ ಗಟ್ಟಿಯಾಯಿತು. ತಣ್ಣಗೆ ಮಾಡಿ ಬಿರಡೆ ತೆಗೆದರೆ ಬುಸ್ಸೆಂದು ನೊರೆ! ನಮ್ಮವರು ಒಂದು ಲೋಟ ಕುಡಿದು, "ಪರವಾಗಿಲ್ಲವೇ, ಇನ್ನೊಂದಿಷ್ಟು ಕೊಡು" ಅಂದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಪಾನಕಕ್ಕೆ ಅಂಥ ಮಾತು ಬಂದದ್ದು ಅದೇ ಮೊದಲು. ಕೇಳಬೇಕೇ, ತಲೆ ತಿರುಗಿತು.

ಆದರೆ ವಾರ ಕಾಯುವ ತಾಳ್ಮೆ ಯಾರಿಗಿದೆ? ಕಾಗದ ಬರೆದ ಸೋದರಿಯ ಯೋಚನೆಯೇ ನನಗೂ ಬಂತು. ಸೋಡಾ ಇರುವಾಗ ಗ್ಯಾಸಿಗೆ ಬರಗಾಲವೇ?

ಮೊದಲನೆಯ ಪ್ರಯೋಗ, ಸಿಹಿ ಸೋಡಾ. ಸಕ್ಕರೆಯೂ ಇದೆ, ಗ್ಯಾಸೂ ಇದೆ, ಒಂದೇ ಏಟಿಗೆ ಎರಡು ಹಕ್ಕಿ ಎಂದುಕೊಂಡು ಅಂಗಡಿಯ ನಿಂಬೆ ಪಾನೀಯಕ್ಕೆ ಜಾಡಿಯ ನೀರು ಹೊಯ್ದೆ. ಹೊಯ್ಯುತ್ತಿದ್ದ ಹಾಗೇ ನೊರೆ ಉಕ್ಕಿ ಕಾಲು ಭಾಗ ಚೆಲ್ಲಿಹೋಯಿತು. ಶುಂಠಿಯ ಸಣ್ಣ ಚೂರು ತಾಗಿದರೂ ಸಾಕು, ಸೋಡಾದಲ್ಲಿ ಅಡಗಿರುವ ಗ್ಯಾಸು ಅದನ್ನೇ ಹಿಡಿದುಕೊಂಡು ಮೇಲಕ್ಕೆ ಬರುತ್ತದೆ. ಉಳಿದದ್ದನ್ನು ಮುಚ್ಚಿಟ್ಟು ನಾಲ್ಕು ದಿನ ಕಾದೆ. ಪಕ್ಕದಲ್ಲೇ ಇಟ್ಟಿದ್ದ ಸಕ್ಕರೆ ನೀರಿನ ಬಾಟಲಿ ಗಟ್ಟಿಯಾಯಿತು, ಇದು ಮಾತ್ರ ಮಿಸುಕಲಿಲ್ಲ. ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. ಸಣ್ಣ ಅಕ್ಷರದಲ್ಲಿ 'ಸಂರಕ್ಷಕ 211' ಅಂತ ಇತ್ತು. ಅದೇ ಸೋಡಿಯಂ ಬೆಂಜೋಯೇಟು. ನಾವು ಸ್ಕ್ವಾಷು ಕೆಡದಿರಲಿ ಎಂದು ಚಿಟಿಕೆ ಹಾಕುತ್ತೇವಲ್ಲ, ಅದೇ ಪುಡಿ. ಯೀಸ್ಟು, ಬೂಷ್ಟು ಬೆಳೆಯದ ಹಾಗೆ ತಡೆಯುವುದೇ ಅದರ ಉದ್ಯೋಗ. ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿಕೊಂಡು ನೆಂಟರಿಗೆ ಒಳಗೆ ಬನ್ನಿ ಅಂದ ಹಾಗಾಯಿತು ನನ್ನ ಕೆಲಸ. ಸಕ್ಕರೆಯಿಲ್ಲದ 'ಡಯೆಟ್' ಪಾನೀಯಗಳಂತೂ ಕೇಳಲೇಬೇಡಿ, ಅವುಗಳಲ್ಲಿ ಯೀಸ್ಟಿಗೆ ತಿನ್ನಲು ಏನೂ ಇರುವುದಿಲ್ಲ.

ಎರಡನೆಯದು ಸಪ್ಪೆ ಸೋಡಾ. ನೀರಿನ ಬದಲು ಅದಕ್ಕೇ ಸಕ್ಕರೆ ಹಾಕಿದೆ. ಹಾಕಿದ ಕ್ಷಣವೇ ಭರ್ರನೆ ನೊರೆ ಬಂದು ಗ್ಯಾಸೆಲ್ಲ ಹಾರಿ, ಬಾಟಲಿಗೆ ಹದಿನೈದು ಇಪ್ಪತ್ತು ರೂಪಾಯಿ ಕೊಟ್ಟು ತಂದ ಸೋಡಾ ಬಾವಿ ನೀರಿನ ಹಾಗೆ ಕುಳಿತಿತು. ಆಮೇಲೆ ಅದೂ ಹುದುಗಿತು. ಆದರೆ ಮಾಮೂಲು ನೀರು ತೆಗೆದುಕೊಂಡಷ್ಟೇ ದಿನ ತೆಗೆದುಕೊಂಡಿತು, ಒಂದು ಗಂಟೆಯೂ ಕಡಿಮೆಯಿಲ್ಲ.

ಮೂರನೆಯದು ನನ್ನ ಪ್ರಯೋಗವಲ್ಲ, ಪ್ರಮಾದ. "ಜಾಡಿ ಮಂಕಾಗಿದೆ, ಸ್ವಲ್ಪ ಸೋಡಾ ಹಾಕಿನೋಡು" ಅಂತ ಮಗಳಿಗೆ ಹೇಳಿ ಹಿತ್ತಲಿಗೆ ಹೋದೆ. ಅವಳು ಪಾಪ, ಬೋಂಡದ ಹಿಟ್ಟಿಗೆ ಹಾಕುವ ಅಡುಗೆ ಸೋಡಾವನ್ನೇ ಒಂದು ಚಮಚ ಹಾಕಿದಳು! ನಿಂಬೆಯ ಹುಳಿ, ಸೋಡಾ ಪುಡಿ ಎರಡೂ ಸೇರಿದರೆ ಆಗುವುದು ನಿಮಗೆ ಗೊತ್ತೇ ಇದೆ. ಜಾಡಿ ಜ್ವಾಲಾಮುಖಿಯಾಯಿತು. ನೊರೆ ಇಳಿದ ಮೇಲೆ ರುಚಿ ನೋಡಿದರೆ ಸಾಬೂನಿನ ನೀರು. ಹುಳಿಯೇ ಹೋದ ಮೇಲೆ ಅಂಥದ್ದನ್ನು ಇಟ್ಟುಕೊಳ್ಳಲೂಬಾರದು. ಕೆಟ್ಟ ಕ್ರಿಮಿಗಳನ್ನು ಹತ್ತಿರ ಸೇರಿಸದೆ ಕಾಯುವುದೇ ಆ ಹುಳಿ. ಅಷ್ಟನ್ನೂ ಮೋರಿಗೆ ಚೆಲ್ಲಿದೆ. ಅಡುಗೆ ಸೋಡಾ ಬೇರೆ, ಕುಡಿಯುವ ಸೋಡಾ ಬೇರೆ ಎಂದು ಮಕ್ಕಳಿಗೆ ಬಿಡಿಸಿ ಹೇಳಬೇಕು ಎಂಬ ಪಾಠ ನನಗೆ ಸಿಕ್ಕಿತು.

ಇಷ್ಟಕ್ಕೇ ಮುಗಿಯಲಿಲ್ಲ. ಪ್ಲಾಸ್ಟಿಕ್ ಬಾಟಲಿ ಸಾಲದೆ ಎರಡು ಹಳೆಯ ಗಾಜಿನ ಸ್ಕ್ವಾಷ್ ಬಾಟಲಿಗಳಿಗೂ ತುಂಬಿ, ಉಗ್ರಾಣದಲ್ಲಿಟ್ಟಿದ್ದೆ. ರಾತ್ರಿ ಎರಡು ಗಂಟೆಗೆ ಢಂ ಎಂದಿತು. ಕಳ್ಳರೆಂದು ನಮ್ಮವರು ಕೋಲು ಹಿಡಿದುಕೊಂಡು ಹೋದರು. ನೋಡಿದರೆ ಗಾಜಿನ ಚೂರು ಎದುರು ಗೋಡೆಗೆ ಬಡಿದು, ಬಾಯಿ ತೆರೆದಿದ್ದ ಅಕ್ಕಿ ಡಬ್ಬಿಯೊಳಗೂ ಬಿದ್ದಿತ್ತು. ಹತ್ತು ಕೆ.ಜಿ. ಅಕ್ಕಿಯನ್ನು ಗುಂಡಿ ತೆಗೆದು ಹೂತೆವು. ಹಗಲಾಗಿದ್ದರೆ, ಮಗಳು ಬೇಳೆ ತರಲು ಅಲ್ಲಿಗೆ ಹೋಗಿದ್ದರೆ? ಇವತ್ತಿಗೂ ನೆನೆದರೆ ಮೈ ಜುಮ್ ಎನ್ನುತ್ತದೆ. ಸೋಡಾದ ಪ್ಲಾಸ್ಟಿಕ್ ಬಾಟಲಿಯನ್ನು ಒತ್ತಡ ತಡೆಯುವ ಹಾಗೆಯೇ ಮಾಡಿರುತ್ತಾರೆ. ಮುಟ್ಟಿದರೆ ಎಷ್ಟು ಬಿಗಿದಿದೆ ಎಂದೂ ತಿಳಿಯುತ್ತದೆ. ಸ್ಕ್ವಾಷಿನ ಗಾಜಿಗೆ ಆ ಶಕ್ತಿಯಿಲ್ಲ, ಅದು ಮುನ್ಸೂಚನೆಯನ್ನೂ ಕೊಡುವುದಿಲ್ಲ. ಹುದುಗುತ್ತಿರುವ ಬಾಟಲಿಗೆ ಸೋಡಾವನ್ನೂ ಬೆರೆಸಿ ಮುಚ್ಚಿದರಂತೂ ಎರಡು ಗ್ಯಾಸು ಸೇರಿ ಇನ್ನೂ ಅಪಾಯ.

ಇಷ್ಟೆಲ್ಲ ಆದರೂ ನನ್ನ ಹುಚ್ಚು ಬಿಡಲಿಲ್ಲ. ಪ್ಲಾಸ್ಟಿಕ್ ಬಾಟಲಿಗಳಲ್ಲೇ ಐದು ದಿನ ಇಟ್ಟು, ಸಿಡಿಯದಿರಲೆಂದು ದಿನಕ್ಕೆರಡು ಸಲ ಬಿರಡೆ ಸಡಿಲಿಸಿ ಗ್ಯಾಸು ಬಿಟ್ಟು, ಸಿಹಿ ಕಡಿಮೆಯಾಗಿ ಒಳ್ಳೆಯ ಖಾರ ಖಾರ ಬಿಯರು ಮಾಡಿದೆ. ಮನೆಯಲ್ಲಿ ಮಾವನವರ ಎಪ್ಪತ್ತೈದನೆಯ ಹುಟ್ಟಿದ ಹಬ್ಬ. ಮೈದುನ, ಓರಗಿತ್ತಿ, ಮಕ್ಕಳೆಲ್ಲ ಬಂದಿದ್ದರು. ಕೋಸಂಬರಿ, ಪಾಯಸದ ಊಟವಾದ ಮೇಲೆ ನಾನು ಜಂಬದಿಂದ ಸ್ಟೀಲಿನ ಲೋಟಗಳಲ್ಲಿ ಬಿಯರು ಹೊಯ್ದು ತಂದೆ. "ಬರೀ ಶುಂಠಿ ಪಾನಕ, ತಗೊಳ್ಳಿ" ಅಂತ ಎಲ್ಲರ ಕೈಗೂ ಕೊಟ್ಟೆ.

ಇಲ್ಲಿ ಒಂದು ವಿಷಯ ಹೇಳಬೇಕು. ಓರಗಿತ್ತಿಯನ್ನೂ ಮೈದುನನನ್ನೂ ಕೇಳಿ, ಅವರು ಬರೆಯಿರಿ ಎಂದ ಮೇಲೆಯೇ ಬರೆಯುತ್ತಿದ್ದೇನೆ. ಮೈದುನ ಒಂದು ಕಾಲದಲ್ಲಿ ಕುಡಿಯುತ್ತಿದ್ದರು. ಬಿಟ್ಟು ಆಗ ಆರು ವರ್ಷವಾಗಿತ್ತು. ಆ ಆರು ವರ್ಷ ಹೇಗೆ ಬಂತು ಎಂಬುದು ಓರಗಿತ್ತಿಗೆ ಗೊತ್ತು, ದೇವರಿಗೆ ಗೊತ್ತು. ಮೈದುನ ಲೋಟ ಎತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಹಾಕಿಕೊಂಡವರು ಹಾಗೇ ನಿಂತರು. ಮಾತಾಡಲಿಲ್ಲ. ಓರಗಿತ್ತಿ ಎದ್ದು ಬಂದು, ಅವರ ಕೈಯಿಂದ ಲೋಟ ಮೆಲ್ಲಗೆ ತೆಗೆದುಕೊಂಡು, ಮೂಸಿ ನೋಡಿ, ಅಡುಗೆಮನೆಗೆ ನನ್ನ ಹಿಂದೆಯೇ ಬಂದಳು. "ಅಕ್ಕಾ, ಇದರಲ್ಲಿ ಏನಿದೆ?" ಅಂದಳು. ಗದರಲಿಲ್ಲ, ಅಳಲಿಲ್ಲ. ಅಷ್ಟೇ ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ಅಕ್ಕನ ಮಗಳಿಗೆ ಫೋನು ಮಾಡಿ ಕೇಳಿದೆ. ಅವಳು ಸಲೀಸಾಗಿ ಲೆಕ್ಕ ಹೇಳಿದಳು: "ಚಿಕ್ಕಮ್ಮಾ, ಯೀಸ್ಟು ತಿಂದ ಸಕ್ಕರೆಯಲ್ಲಿ ತೂಕಕ್ಕೆ ಹೆಚ್ಚುಕಡಿಮೆ ಅರ್ಧ ಗ್ಯಾಸಾಗುತ್ತೆ, ಇನ್ನರ್ಧ ಮದ್ಯಸಾರ ಆಗುತ್ತೆ." ಅಂದರೆ ಒಂದು ಲೀಟರಿಗೆ ಹಾಕಿದ 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 50 ಗ್ರಾಂ ಮದ್ಯಸಾರ. ಅಂಗಡಿಯಲ್ಲಿ ಮಾರುವ ಬಿಯರಿನಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ! ಗುಳ್ಳೆಯ ಜೊತೆಗೊಬ್ಬರು ಬರುತ್ತಾರೆ ಅಂದೆನಲ್ಲ, ಅದು ಇದೇ. ಒಂದೆರಡು ದಿನದಲ್ಲಿ ಸಕ್ಕರೆಯೆಲ್ಲ ಮುಗಿಯುವುದಿಲ್ಲ, ನಿಜ. ಆದರೆ ಐದು ದಿನ ಇಟ್ಟು, ಸಿಹಿ ಕಡಿಮೆಯಾಯಿತೆಂದು ನಾನೇ ಹಿಗ್ಗಿದ್ದೆ. ಆ ಸಿಹಿ ಎಲ್ಲಿಗೆ ಹೋಯಿತು ಎಂದು ಯೋಚಿಸಲಿಲ್ಲ. ಬಿರಡೆ ಸಡಿಲಿಸಿದಾಗ ಗ್ಯಾಸು ಹೊರಗೆ ಹೋಯಿತು, ಇನ್ನೊಂದು ಅಲ್ಲೇ ಉಳಿಯಿತು. ಮಕ್ಕಳಿಗೂ ಅದನ್ನೇ ಕೊಟ್ಟಿದ್ದೆ.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅಂತಾರೆ ಎಂದು ಗಾದೆ. ನಾನು ಮಾಡಿದ್ದು ಅದಕ್ಕೆ ತಿರುಗುಮುರುಗು. ನಮ್ಮ ಮನೆಯ ನಡುಮನೆಯಲ್ಲಿ ಕೂರಿಸಿ, ಮಜ್ಜಿಗೆ ಎಂದು ಹೇಳಿ, ಈಚಲ ಮರದ್ದನ್ನೇ ಕೊಟ್ಟೆ.

ಮರುದಿನ ಬೆಳಿಗ್ಗೆ ಮೈದುನನ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಬಿಡಿ ಅತ್ತಿಗೆ, ನಿಮಗೆ ಗೊತ್ತಿರಲಿಲ್ಲ" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಆ ಒಂದು ಗುಟುಕಿಗೇ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ" ಅಂದರು. ನನಗೆ ಯಾರ ಬೈಗುಳವೂ ಬೇಕಾಗಲಿಲ್ಲ, ಆ ಮಾತೇ ಸಾಕಾಯಿತು. ದೇವರ ದಯೆ, ಅವರು ಗಟ್ಟಿಯಾಗಿ ನಿಂತರು. ಈಗ ಏಳನೆಯ ವರ್ಷ ನಡೆಯುತ್ತಿದೆ. ಕುಡಿತ ಬಿಡಿಸಲು ವೈದ್ಯರು ಕೊಡುವ ಒಂದು ಬಗೆಯ ಮಾತ್ರೆ ನುಂಗುತ್ತಿರುವವರಿಗಂತೂ ಸ್ವಲ್ಪ ಮದ್ಯಸಾರ ಹೊಟ್ಟೆಗೆ ಹೋದರೂ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಬಸುರಿಯರಿಗೆ, ಮಕ್ಕಳಿಗೆ ಕೂಡ ಇದು ಸಲ್ಲದು. ನಾವು ಯಾರ ಕೈಗೆ ಏನು ಕೊಡುತ್ತಿದ್ದೇವೆ ಎಂದು ತಿಳಿದು ಕೊಡಬೇಕು.

ಇದಾದ ಮೇಲೆ ಜಾಡಿಯನ್ನು ತೊಳೆದು ಉಪ್ಪಿನಕಾಯಿಗೆ ಇಟ್ಟೆ. ಆದರೂ ಶುಂಠಿಯ ಆ ಚುರುಕು ರುಚಿ ನಾಲಿಗೆಯಿಂದ ಹೋಗಲಿಲ್ಲ. ಆಗ ಹೊಳೆಯಿತು, ಸೋಡಾವನ್ನು ನಾನು ಹಾಕಿದ ಜಾಗವೇ ತಪ್ಪು. ಹುದುಗುವ ಜಾಡಿಗೆ ಅದು ಉಪಯೋಗವಿಲ್ಲ. ಹುದುಗಿಸದೇ ಇರಲು ಅದರಂಥ ಉಪಕಾರಿ ಇನ್ನೊಂದಿಲ್ಲ! ಗುಳ್ಳೆ ಸೋಡಾದಿಂದ ಬರಲಿ, ಖಾರ ಶುಂಠಿಯಿಂದ ಬರಲಿ, ಆ ಜೊತೆಗಾರ ಬರುವುದೇ ಬೇಡ. ನಾಲ್ಕೈದು ಸಲ ತಿದ್ದಿ ಹದ ಮಾಡಿದ್ದು ಇದು:

ಶುಂಠಿ ಸೋಡಾ

ಬೇಕಾಗುವ ಸಾಮಗ್ರಿ: ಹಸಿ ಶುಂಠಿ 100 ಗ್ರಾಂ, ಸಕ್ಕರೆ 200 ಗ್ರಾಂ, ನೀರು ಎರಡು ಲೋಟ, ಕರಿಮೆಣಸು ಎಂಟು ಕಾಳು, ಲವಂಗ ಎರಡು, ನಿಂಬೆಹಣ್ಣು ಎರಡು, ಹಾಲು ಹಾಕದ ಟೀ ಡಿಕಾಕ್ಷನ್ ಎರಡು ಚಮಚ, ಉಪ್ಪು ಒಂದು ಚಿಟಿಕೆ. ಕುಡಿಯುವಾಗ ಸೇರಿಸಲು ತಣ್ಣಗಿನ ಸಪ್ಪೆ ಸೋಡಾ.

ಮಾಡುವ ವಿಧಾನ: ಶುಂಠಿಯನ್ನು ಮಣ್ಣಿಲ್ಲದ ಹಾಗೆ ತೊಳೆದು, ಮೆಣಸು, ಲವಂಗದ ಜೊತೆ ಕುಟ್ಟಿ. ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಮುಚ್ಚಿ ಅರ್ಧ ಗಂಟೆ ಬಿಡಿ. ಬಟ್ಟೆಯಲ್ಲಿ ಹಿಂಡಿ ಸೋಸಿ. ಸಕ್ಕರೆ ಹಾಕಿ ಮತ್ತೆ ಕುದಿಸಿ, ಬೆರಳಿಗೆ ಅಂಟುವ ಹದಕ್ಕೆ ಇಳಿಸಿ. ಆರಿದ ಮೇಲೆ ನಿಂಬೆರಸ, ಉಪ್ಪು, ಟೀ ಡಿಕಾಕ್ಷನ್ ಸೇರಿಸಿ. ಬಿಯರಿನಲ್ಲಿರುವ ಆ ಸಣ್ಣ ಒಗರು ಬರುವುದು ಟೀಯಿಂದಲೇ. ಒಣಗಿದ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಡಿ, ಹತ್ತು ದಿನದೊಳಗೆ ಮುಗಿಸಿ. ಗುಳ್ಳೆ ಕಂಡರೆ, ವಾಸನೆ ಬದಲಾದರೆ ಚೆಲ್ಲಿಬಿಡಿ.

ಕೊಡುವಾಗ ಲೋಟಕ್ಕೆ ಮೊದಲು ಮೂರು ದೊಡ್ಡ ಚಮಚ ಈ ಪಾಕ ಹಾಕಿ. ಲೋಟವನ್ನು ಸ್ವಲ್ಪ ಓರೆ ಮಾಡಿ, ಸೋಡಾವನ್ನು ಅಂಚಿನ ಮೇಲಿಂದ ನಿಧಾನವಾಗಿ ಇಳಿಸಿ. ಒಂದೇ ಸಲ ಮೆಲ್ಲಗೆ ಕಲಕಿ. ಸೋಡಾ ತಣ್ಣಗಿದ್ದಷ್ಟೂ ಗ್ಯಾಸು ನಿಲ್ಲುತ್ತದೆ, ಬೆಚ್ಚಗಿದ್ದರೆ ಓಡಿಹೋಗುತ್ತದೆ. ಮಕ್ಕಳಿಗೆ ಮೆಣಸು ಕಡಿಮೆ ಮಾಡಿ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಬೇಡ, ಅವರಿಗೆ ಉಪ್ಪು, ನಿಂಬೆ, ಶುಂಠಿ ರಸ ಹಾಕಿದ ಸೋಡಾ ಕೊಡಿ.

ಇನ್ನು ಕಾಗದ ಬರೆದ ಸೋದರಿಗೆ ಎರಡು ಮಾತು. ನಿಮ್ಮ ಅತ್ತೆಯವರ ಗಂಟುಮುಖದಲ್ಲಿ ಅರ್ಥವಿದೆ, ಅದನ್ನು ಹಳೇ ಕಾಲದ ಮಡಿ ಎಂದು ತಳ್ಳಿಹಾಕಬೇಡಿ. ಬೇರೆ ದೇಶಗಳಲ್ಲಿ ಮನೆಯಲ್ಲೇ ಬಿಯರು ಮಾಡುತ್ತಾರಲ್ಲಾ ಎಂದು ಮಗ ವಾದ ಮಾಡಬಹುದು. ಹೌದು, ಇಂಗ್ಲೆಂಡಿನಲ್ಲಿ 1963ರಿಂದ ಮನೆಬಳಕೆಗೆ ಅದಕ್ಕೆ ಪರವಾನಗಿ ಬೇಡ. ಅಮೆರಿಕದಲ್ಲೂ 1978ರ ಕಾನೂನು ಅವಕಾಶ ಕೊಟ್ಟಿತು. ಬಿಯರಿಗೆ ನಿಂಬೆ ಸೋಡಾವನ್ನೋ ಶುಂಠಿ ಪಾನೀಯವನ್ನೋ ಬೆರೆಸಿ 'ಶ್ಯಾಂಡಿ' ಅಂತ ಕುಡಿಯುವುದೂ ಇಂಗ್ಲೆಂಡಿನಲ್ಲಿ ರೂಢಿ. ಅಲ್ಲಿಯೂ ಸೋಡಾ ಸೇರುವುದು ಲೋಟಕ್ಕೇ ಹೊರತು ಹುದುಗುವ ಪಾತ್ರೆಗಲ್ಲ, ಗಮನಿಸಿ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಶುಂಠಿ ಬಿಯರನ್ನು ದಿನಗಟ್ಟಲೆ ಬಿಟ್ಟರೆ ಅದೂ ಆ ಗೆರೆಯನ್ನೇ ದಾಟುತ್ತದೆ, ನಾನು ದಾಟಿಸಿದ ಹಾಗೆ.

ಮಗನ ಕುತೂಹಲವನ್ನು ಚಿವುಟಬೇಡಿ. ಅವನ ಕೈಯಲ್ಲೇ ಶುಂಠಿ ಕುಟ್ಟಿಸಿ, ಪಾಕ ಮಾಡಿಸಿ. ಸೋಡಾ ಹೊಯ್ಯುವ ಕೆಲಸ ಅವನಿಗೇ ಬಿಡಿ. ಪ್ರೀಸ್ಟ್ಲಿಯವರ ಕಥೆಯನ್ನೂ ಹೇಳಿ. ಮೊದಲ ಲೋಟ ಅತ್ತೆಯವರಿಗೆ ಕೊಡಿ. ಏನೇನು ಹಾಕಿದ್ದೀರಿ ಎಂದು ಒಂದೊಂದಾಗಿ ಹೇಳಿಯೇ ಕೊಡಿ.

ಮೊನ್ನೆ ಯುಗಾದಿಗೆ ಮೈದುನನ ಮನೆಗೆ ಹೋಗಿದ್ದೆವು. ನಾನು ಪಾಕದ ಬಾಟಲಿ, ನಾಲ್ಕು ಸೋಡಾ ತೆಗೆದುಕೊಂಡು ಹೋಗಿದ್ದೆ. ಓರಗಿತ್ತಿಯ ಎದುರಿಗೇ ಬೆರೆಸಿದೆ. ಅವಳು ಮೊದಲು ತಾನು ಒಂದು ಗುಟುಕು ಕುಡಿದಳು. ಆಮೇಲೆ ತಾನೇ ಒಂದು ಲೋಟ ತುಂಬಿಕೊಂಡು ಹೊರಗೆ ಜಗಲಿಯಲ್ಲಿ ಕೂತಿದ್ದ ಗಂಡನ ಕೈಗೆ ಕೊಟ್ಟಳು. ಮೈದುನ ಕುಡಿದು, ಮೂಗಿಗೇರಿದ ಗ್ಯಾಸಿಗೆ ಕಣ್ಣಲ್ಲಿ ನೀರು ತಂದುಕೊಂಡು, "ಅತ್ತಿಗೆ, ಮೆಣಸು ಜಾಸ್ತಿ ಆಯ್ತು" ಅಂದರು.

ಆಗಲಿ, ಮುಂದಿನ ಸಲ ಎರಡು ಕಾಳು ಕಡಿಮೆ ಹಾಕುತ್ತೇನೆ.